ಅಟ್ಟದ ಮೇಲಿನ ಡಬ್ಬಿಯಿಂದ ಒಂದು ಕಲಾ ಪ್ರದರ್ಶನ: ಸಲಹೆ ಬೇಕು

ಪತ್ತಾಯದ ಬೀಗ · ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ಏಳು ಜನ ಸೇರಿ ಜನವರಿಯಲ್ಲಿ ಸಾಗರದ ಹತ್ತಿರ ಒಂದು ಕಲಾ ಪ್ರದರ್ಶನ ಮಾಡೋಣ ಅಂತ ಹೊರಟಿದ್ದೇವೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಜೊತೆಗೆ ಹಸೆ ಚಿತ್ತಾರ ಬರೆಯುವ ಅಕ್ಕ, ಮಣ್ಣಿನ ಕೆಲಸದ ಹುಡುಗ, ಒಬ್ಬ ಬಡಗಿ, ಫೋಟೊ ತೆಗೆಯುವ ಇಬ್ಬರು, ಕಸೂತಿ ಹಾಕುವ ಇನ್ನೊಬ್ಬರು. ಜಾಗ ನಮ್ಮಲ್ಲೊಬ್ಬರ ಹಳೇ ಮನೆಯ ಜಗಲಿ, ಹಿಂದಿನ ಎರಡು ಕೋಣೆ. ಬಾಡಿಗೆ ಇಲ್ಲ. ಕರೆಂಟು ಬಂದರೆ ಬಂತು.

ಇದೆಲ್ಲ ಶುರುವಾಗಿದ್ದು ಒಂದು ಬಿಸ್ಕೆಟ್ ಡಬ್ಬಿಯಿಂದ. ಶ್ರಾವಣದಲ್ಲಿ ಅಟ್ಟ ಗುಡಿಸುವಾಗ ನಾಗಂದಿಗೆಯ ಮೂಲೆಯಲ್ಲಿ ಸಿಕ್ಕಿತು. ನಮ್ಮ ಅಜ್ಜನದ್ದು. ಒಳಗೆ ಗಜ್ಜುಗ, ಒಂದು ಮುಷ್ಟಿ ಗುಲಗಂಜಿ, ತೂತು ಬಿದ್ದ ಹೊಳೆಕಲ್ಲು, ಕಪ್ಪುಬಿಳಿ ಪುಕ್ಕ, ಅಂಗೈ ಅರ್ಧ ತುಂಬುವಷ್ಟು ದೊಡ್ಡ ಕಂದು ಬೀಜ. ಪ್ರತಿಯೊಂದನ್ನೂ ಹಳೇ ಪಂಚಾಂಗದ ಹಾಳೆ ಹರಿದು ಸುತ್ತಿದ್ದರು. ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಒಂದೊಂದು ಸಾಲು. ಕಂದು ಬೀಜದ ಚೀಟಿಯಲ್ಲಿ ಇದ್ದದ್ದು ಇಷ್ಟು: "ಕೊಡಚಾದ್ರಿ ಇಳಿಯುವಾಗ. ಜೋರು ಮಳೆ. ಹೆಗಲ ಮೇಲೆ ಬಿತ್ತು."

ಅಜ್ಜ ಅಡಿಕೆ ಲೆಕ್ಕ ಬಿಟ್ಟರೆ ಬೇರೇನೂ ಬರೆದವರಲ್ಲ ಅಂದುಕೊಂಡಿದ್ದೆ. ಆ ಚೀಟಿ ಹಿಡಿದುಕೊಂಡು ಅಟ್ಟದಲ್ಲೇ ಎಷ್ಟು ಹೊತ್ತು ಕೂತಿದ್ದೆನೋ, ಕೆಳಗಿನಿಂದ ಅಮ್ಮ ಕೂಗಿದ ಮೇಲೆಯೇ ಇಳಿದಿದ್ದು.

ಯುರೋಪಿನಲ್ಲಿ 16, 17ನೇ ಶತಮಾನದಲ್ಲಿ ಹೀಗೆ ಕೋಣೆಗಟ್ಟಲೆ ಕೂಡಿಡುವ ಹುಚ್ಚು ಇತ್ತು. ನೇಪಲ್ಸ್‌ನ ಫೆರಾಂಟೆ ಇಂಪೆರಾಟೊ ಅನ್ನುವ ಔಷಧಿ ವ್ಯಾಪಾರಿ 1599ರಲ್ಲಿ ತಂದ ಪುಸ್ತಕದಲ್ಲಿ ಅವನ ಕೋಣೆಯ ಚಿತ್ರ ಇದೆ. ಗೋಡೆ ತುಂಬ ಚಿಪ್ಪು, ಮೀನು, ಹಕ್ಕಿ. ಸೂರಿಗೆ ಬೆನ್ನು ಅಂಟಿಸಿಕೊಂಡ ಹಾಗೆ ದೊಡ್ಡ ಮೊಸಳೆ. ನಮ್ಮ ಮಟ್ಟಿಗೆ ಮೊಸಳೆ ಇಲ್ಲ, ಕುಂಬಳಕಾಯಿ ತೂಗುಬಿಟ್ಟಿರುತ್ತೇವೆ, ಅಷ್ಟೇ ವ್ಯತ್ಯಾಸ. ಏಳು ಜನರೂ ಒಂದೊಂದು ಪೆಟ್ಟಿಗೆ ಮಾಡುವುದು, ಅದರೊಳಗೆ ಸಿಕ್ಕಿದ್ದು, ಮಾಡಿದ್ದು ಎರಡನ್ನೂ ಸೇರಿಸುವುದು ಅಂತ ಯೋಚನೆ.

ಕೇಳಬೇಕಾದದ್ದು ಮೂರು. ಕಾಡಿನದ್ದು ಏನು ಇಡಬಹುದು, ಏನು ಇಡಬಾರದು? ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆ? ಮೂರನೆಯದಕ್ಕೆ ನಮ್ಮಲ್ಲೇ ಜಗಳ: ವಸ್ತುವಿನ ಪಕ್ಕ ಚೀಟಿ ಬೇಕಾ, ಬೇಡವಾ?

ಕೊನೆಗೌಡ · ಅಕ್ಟೋಬರ್ 12

ಜನವರಿಯಲ್ಲಿ ಅಡಿಕೆ ಕೊಯ್ಲು ಬಿಟ್ಟು ಯಾರು ಬರುತ್ತಾರೆ ಮಾರಾಯ್ರೆ? ಸಂಜೆ ಐದರ ಮೇಲೆ ಇಟ್ಟುಕೊಳ್ಳಿ. ಅಡಿಕೆ ಸುಲಿಯುವ ಹೆಂಗಸರು ಎಂಟು ಗಂಟೆಗೆ ಕೂರುತ್ತಾರೆ, ಅದಕ್ಕೂ ಮುಂಚೆ ಒಂದು ಸುತ್ತು ಹಾಕಿ ಹೋಗಲಿ.

ಕರಿಕೋಟು · ಅಕ್ಟೋಬರ್ 13

ಮೇಡಂ, ಮೊದಲನೆಯದಕ್ಕೆ ಹೇಳುತ್ತೇನೆ. ಶಿವಮೊಗ್ಗದಲ್ಲಿ ವಕೀಲಿ ಮಾಡುತ್ತೇನೆ, ಆದರೆ ಇದನ್ನು ಪಕ್ಕದ ಮನೆಯವನ ಮಾತು ಅಂತ ತಿಳಿಯಿರಿ.

1972ರ ವನ್ಯಜೀವಿ ಕಾಯ್ದೆಯಲ್ಲಿ 'ಟ್ರೋಫಿ' ಅನ್ನುವ ಮಾತಿಗೆ ಕೊಟ್ಟ ಅರ್ಥ ಜನ ಅಂದುಕೊಂಡಷ್ಟು ಸಣ್ಣದಲ್ಲ. ಗೋಡೆಗೆ ಹೊಡೆದ ಹುಲಿ ತಲೆ ಮಾತ್ರ ಅಲ್ಲ. ಕೊಂಬು, ಮೂಳೆ, ಚಿಪ್ಪು, ಕೂದಲು, ಪುಕ್ಕ, ಉಗುರು, ಹಲ್ಲು, ಮೊಟ್ಟೆ, ಗೂಡು, ಜೇನುಹಟ್ಟಿ ಎಲ್ಲವೂ ಅದರೊಳಗೆ ಬರುತ್ತದೆ. "ನಾನು ಕೊಂದಿಲ್ಲ, ದಾರಿಯಲ್ಲಿ ಬಿದ್ದಿತ್ತು" ಅಂದರೆ ಮುಗಿಯುವುದಿಲ್ಲ. 2023ರ ಹುಲಿ ಉಗುರಿನ ಗಲಾಟೆ ನೆನಪಿದೆ ಅಲ್ವಾ? ಆಗ ಎಷ್ಟು ಜನ ರಾತ್ರೋರಾತ್ರಿ ಕೊರಳಿನಿಂದ ಬಿಚ್ಚಿಟ್ಟರು! ಉದುರಿದ ನವಿಲುಗರಿಗೆ ಮಾತ್ರ ವಿನಾಯಿತಿ ಇದೆ.

ಹಾಗಾಗಿ ಜಿಂಕೆ ಕೊಂಬು, ಮುಳ್ಳುಹಂದಿ ಮುಳ್ಳು, ಗೀಜಗನ ಗೂಡು ಇವುಗಳ ತಂಟೆಗೆ ಹೋಗಬೇಡಿ. ಬೀಜ, ಕಾಯಿ, ಎಲೆ, ಕಲ್ಲು ನಿಮ್ಮ ತೋಟದ್ದು ಇಡಿ. ರಕ್ಷಿತ ಅರಣ್ಯದ ಒಳಗಿಂದ ಎಲೆಯನ್ನೂ ತರಬೇಡಿ. ಅಜ್ಜನ ಡಬ್ಬಿಯ ಪುಕ್ಕ ಯಾವ ಹಕ್ಕಿಯದ್ದು ಅಂತ ಮೊದಲು ಅರಣ್ಯ ಇಲಾಖೆಯಲ್ಲಿ ಯಾರಾದರೂ ಪರಿಚಯದವರ ಹತ್ತಿರ ಕೇಳಿ.

ಪತ್ತಾಯದ ಬೀಗ · ಅಕ್ಟೋಬರ್ 13

ಸರ್, ಗೀಜಗನ ಗೂಡೂ ಬರುತ್ತದಾ! ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹತ್ತು ವರ್ಷದಿಂದ ಒಂದು ನೇತಾಡುತ್ತಿದೆ. ಇದನ್ನು ಇಲ್ಲಿ ಬರೆಯಬಾರದಿತ್ತೇನೋ.

ಶಿಕಾರಿಪುರದವ · ಅಕ್ಟೋಬರ್ 13

ಡಬ್ಬಿ ಅಂದಾಗ ನನಗೆ ಬೆಂಕಿಪೊಟ್ಟಣ ನೆನಪಾಯಿತು. ನಮ್ಮದು ಅರೆಮಲೆನಾಡು, ಜಾಲಿಮರ ಜಾಸ್ತಿ. ಮಳೆ ಬಿದ್ದ ಮೇಲೆ ಜಾಲಿಸೊಪ್ಪಿನಲ್ಲಿ ಜೀರ್ಜಿಂಬೆ ಕಾಣಿಸಿಕೊಳ್ಳುತ್ತಿತ್ತು. ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿ, ಎರಡು ಎಳೆ ಸೊಪ್ಪು ಇಟ್ಟು, ಚಡ್ಡಿ ಜೇಬಿನಲ್ಲಿ ಇಟ್ಟುಕೊಂಡು ಶಾಲೆಗೆ ಹೋಗುವುದು. ಮೇಷ್ಟ್ರು ಮಗ್ಗಿ ಹೇಳಿಸುವಾಗ ಜೇಬಿನೊಳಗೆ ಕರಕರ ಕರಕರ. ಪೊಟ್ಟಣ ಚೂರೇ ಸರಿಸಿದರೆ ಒಳಗೆ ಹಸಿರು. ಎಂಥ ಹಸಿರು ಅಂದರೆ, ಸ್ವಲ್ಪ ಓರೆ ಮಾಡಿದರೆ ತಾಮ್ರ, ಇನ್ನೂ ಓರೆ ಮಾಡಿದರೆ ನೀಲಿ. ಒಂದು ಜೀರ್ಜಿಂಬೆಗೆ ಮೂರು ಗೋಲಿ, ಮೊಟ್ಟೆ ಇಟ್ಟಿದ್ದರೆ ಐದು. ಇದು ನಮ್ಮ ಕ್ಲಾಸಿನ ರೇಟು.

ಆ ಬಣ್ಣ ಬಣ್ಣವೇ ಅಲ್ಲವಂತೆ ಅಂತ ದೊಡ್ಡವನಾದ ಮೇಲೆ ಓದಿದೆ. ರೆಕ್ಕೆಯ ಕವಚದ ಪದರಗಳು ಬೆಳಕನ್ನು ಒಡೆದು ಹಿಂದಕ್ಕೆ ಕಳಿಸುವುದರಿಂದ ಹಾಗೆ ಕಾಣುತ್ತದೆ. ಅದಕ್ಕೇ ಸತ್ತ ಮೇಲೂ ಮಾಸುವುದಿಲ್ಲ. ಮೊಘಲರ ಕಾಲದಲ್ಲಿ ಈ ರೆಕ್ಕೆಗಳನ್ನು ಬಟ್ಟೆಗೆ ಹೊಲಿಯುತ್ತಿದ್ದರು. ನಿಮ್ಮ ಕಸೂತಿಯವರಿಗೆ ಹೇಳಿ, ಹುಳ ಕೊಲ್ಲದೆ ಆ ಹಸಿರು ಬರಿಸಲು ಆಗುತ್ತದಾ ನೋಡಲಿ.

ಗಾಜಿನ ಬೀರು · ಅಕ್ಟೋಬರ್ 14

ಹಿಂದೆ ಒಂದು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದ್ದೆ. ಬೂಷ್ಟಿನ ಬಗ್ಗೆ ಹೇಳಬಲ್ಲೆ.

ಮಲೆನಾಡಿನಲ್ಲಿ ಶತ್ರು ಧೂಳು ಅಲ್ಲ, ಗಾಜು. ಗಾಜಿನ ಪೆಟ್ಟಿಗೆ ಬಿಗಿಯಾಗಿ ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಬಡಗಿಗೆ ಹೇಳಿ ಹಿಂಬದಿ ಹಲಗೆಯಲ್ಲಿ ಸಣ್ಣ ತೂತು ಬಿಡಿಸಿ, ತೂತಿಗೆ ತೆಳು ಬಟ್ಟೆ ಅಂಟಿಸಿ. ಸಿಲಿಕಾ ಜೆಲ್ ಇಡುವುದಾದರೆ ನೀಲಿ ಹರಳಿನದ್ದು ತನ್ನಿ. ತೇವ ಕುಡಿದ ಮೇಲೆ ಗುಲಾಬಿ ಆಗುತ್ತದೆ, ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ. ಪೆಟ್ಟಿಗೆ ಬೆಚ್ಚಗಿರಲಿ ಅಂತ ಬಲ್ಬ್ ಹಾಕುವವರು ಎಲ್ಇಡಿ ಹಾಕಿ ಮೋಸ ಹೋಗುತ್ತಾರೆ. ಬೆಳಕು ಕೊಡುತ್ತದೆ, ಶಾಖ ಇಲ್ಲ.

ಬೀಜಗಳಿಗೆ ಹುಳ ಇದ್ದೇ ಇರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ, ಒಂದು ದಿನ ಹಾಗೇ ಇರಲಿ, ಇಲ್ಲದಿದ್ದರೆ ಬೆವರುತ್ತದೆ. ತಾಳೆಗರಿಗೆ ಹಿಂದಿನವರು ಬಜೆ ಬೇರು ಇಡುತ್ತಿದ್ದರು. ಈಗಲೂ ಅದು ಕೆಟ್ಟ ಉಪಾಯ ಅಲ್ಲ. ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಸಾಗರದಿಂದ ಹತ್ತಿರವೇ. ಹಳೇ ಓಲೆ, ಕಡತಗಳನ್ನು ಹೇಗೆ ಇಟ್ಟಿದ್ದಾರೆ ನೋಡಿದರೆ ನನ್ನ ಮಾತಿಗಿಂತ ಜಾಸ್ತಿ ತಿಳಿಯುತ್ತದೆ.

ಇನ್ನು ಚೀಟಿ. ಬೇಕೇ ಬೇಕು. ಕೋಪನ್‌ಹೇಗನ್ನಿನಲ್ಲಿ ಓಲೆ ವೋರ್ಮ್ ಅಂತ ವೈದ್ಯನಿದ್ದ. ಅವನ ಸಂಗ್ರಹದ ಪುಸ್ತಕ ಅವನು ತೀರಿಕೊಂಡ ಮರುವರ್ಷ, 1655ರಲ್ಲಿ ಬಂತು. ಆ ಕಾಲದಲ್ಲಿ ರಾಜರು ಒಂಟಿಕೊಂಬಿನ ಕುದುರೆಯ ಕೊಂಬು ಅಂತ ಸುರುಳಿ ಸುರುಳಿಯ ಉದ್ದನೆ ವಸ್ತುವೊಂದನ್ನು ಚಿನ್ನ ಸುರಿದು ಕೊಳ್ಳುತ್ತಿದ್ದರು. ಅದು ನಾರ್ವಾಲ್ ಅನ್ನುವ ತಿಮಿಂಗಿಲದ ಹಲ್ಲು ಅಂತ 1638ರಲ್ಲಿ ಇವನು ತೋರಿಸಿಕೊಟ್ಟ. "ಇದು ಎಲ್ಲಿಂದ ಬಂತು" ಅಂತ ಕೇಳುವವನು ಒಬ್ಬ ಬೇಕಾಯಿತು ನೋಡಿ.

ತುಂಗೆ ದಂಡೆ · ಅಕ್ಟೋಬರ್ 14

ನಾನು ತೀರ್ಥಹಳ್ಳಿಯವನು, ಚಿತ್ರ ಬರೆಯುತ್ತೇನೆ. ಚೀಟಿ ಬೇಡ ಅನ್ನುವ ಪಕ್ಷ ನನ್ನದು. ಚೀಟಿ ಇಟ್ಟ ಕೂಡಲೇ ಜನ ವಸ್ತು ನೋಡುವುದಿಲ್ಲ, ಚೀಟಿ ಓದುತ್ತಾರೆ. ಓದಿ "ಓಹೋ" ಅಂದು ಮುಂದೆ ಹೋಗುತ್ತಾರೆ. ನೀವು ಮಾಡುತ್ತಿರುವುದು ಕಲಾ ಪ್ರದರ್ಶನವೋ, ವಿಜ್ಞಾನ ಮೇಳವೋ?

ಇನ್ನೊಂದು. ಯುರೋಪಿನ ಈ ಕೋಣೆಗಳನ್ನು ಅಷ್ಟು ಮುದ್ದಾಗಿ ನೋಡಬೇಡಿ. ಲಂಡನ್ನಿನ ವೈದ್ಯ ಹ್ಯಾನ್ಸ್ ಸ್ಲೋನ್ ಸಂಗ್ರಹಿಸಿದ ಸುಮಾರು 71,000 ವಸ್ತುಗಳಿಂದ 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಹುಟ್ಟಿತು. ಅವನ್ನು ಕೂಡಿಡಲು ಸುರಿದ ಹಣದಲ್ಲಿ ಒಂದು ಪಾಲು ಜಮೈಕಾದ ಕಬ್ಬಿನ ತೋಟಗಳದ್ದು, ಅಂದರೆ ಗುಲಾಮರ ಬೆವರು. ಅದನ್ನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಗಾಜಿನ ಬೀರು · ಅಕ್ಟೋಬರ್ 14

ಸರ್, ನಿಮ್ಮ ಎರಡನೇ ಮಾತು ಚೀಟಿ ಬೇಕು ಅನ್ನುವುದಕ್ಕೇ ಸಾಕ್ಷಿ ಅಲ್ವಾ?

ತುಂಗೆ ದಂಡೆ · ಅಕ್ಟೋಬರ್ 14

ಸಿಕ್ಕಿಬಿದ್ದೆ. ಆದರೂ ಒಪ್ಪಲ್ಲ.

ಬೆಂಗಳೂರಲ್ಲಿ ಕೂತವ · ಅಕ್ಟೋಬರ್ 15

ಆ ಕಂದು ಬೀಜ ಯಾವುದು ಅಂತ ಯಾರೂ ಹೇಳಲೇ ಇಲ್ಲವಲ್ಲ. ಚಪ್ಪಟೆ, ನುಣುಪು, ಮರದಷ್ಟು ಗಟ್ಟಿ ಇದ್ದರೆ ಅದು ಎಂಟಾಡಾ ರೀಡಿ ಅನ್ನುವ ಕಾಡುಬಳ್ಳಿಯದ್ದು. ಕಾಯಿ ಮಾರುದ್ದ ಬೆಳೆಯುತ್ತದೆ, ಅವರೆಕಾಯಿಗೆ ಭೂತ ಹಿಡಿದ ಹಾಗೆ. ಹಣ್ಣಾದ ಮೇಲೆ ತುಂಡು ತುಂಡಾಗಿ ಕಳಚಿ ಬೀಳುತ್ತದೆ. ಬೀಜ ನೀರಿನಲ್ಲಿ ತೇಲುತ್ತದೆ. ಹೊಳೆ ಹಿಡಿದು ಸಮುದ್ರ ಸೇರಿ ಬೇರೆ ದಂಡೆಗೆ ಹೋಗಿ ಮೊಳೆಯುವುದೂ ಉಂಟು. ಹೆಸರಿನ 'ರೀಡಿ' ಬಂದದ್ದು ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್‌ನಿಂದ. ನಮ್ಮ ಕರಾವಳಿಯ ಗಿಡಮರಗಳನ್ನು ಊರಿನ ವೈದ್ಯರ ಬಾಯಿಂದ ಕೇಳಿ ಬರೆಸಿ, 1678ರಿಂದ 1693ರವರೆಗೆ 12 ಸಂಪುಟ ತಂದವನು ಅವನೇ. ಇಟ್ಟಿ ಅಚ್ಯುತನ್ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅಂತ ಮೂವರು ಕೊಂಕಣಿ ವೈದ್ಯರೂ ಅದರಲ್ಲಿ ಕೆಲಸ ಮಾಡಿದ್ದರು.

ಗುಲಗಂಜಿ ಮಕ್ಕಳ ಕೈಗೆ ಸಿಗುವ ಹಾಗೆ ಇಡಬೇಡಿ. ಇಡೀ ನುಂಗಿದರೆ ಸಾಮಾನ್ಯವಾಗಿ ಹಾಗೇ ಹೊರಗೆ ಹೋಗುತ್ತದೆ. ಕಚ್ಚಿ ಒಡೆದರೆ ಕಡು ವಿಷ. ನಮ್ಮಜ್ಜಿ ಅದೇ ಗುಲಗಂಜಿಯನ್ನು ಚೌಕಾಬಾರಕ್ಕೆ ಕಾಯಿ ಮಾಡಿಕೊಂಡಿದ್ದಳು, ಆ ಮಾತು ಬೇರೆ.

ಹಳೇ ಸಂಪುಟ · ಅಕ್ಟೋಬರ್ 17

ಯುರೋಪಿಗೆ ಯಾಕೆ ಹೋಗುತ್ತೀರಿ? ನಮ್ಮ ಮನೆಗಳ ದೇವರಕೋಣೆಯೇ ಇಂಥ ಕೋಣೆ. ಪಂಚಾಯತನ ಪೂಜೆ (ಐದು ದೇವರ ಪೂಜೆ) ಇರುವ ಮನೆಯ ಸಂಪುಟ, ಅಂದರೆ ದೇವರ ಪೆಟ್ಟಿಗೆ, ತೆಗೆದು ನೋಡಿ. ವಿಷ್ಣುವಿಗೆ ಗಂಡಕಿ ನದಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣಾ ನದಿಯ ಕೆಂಪು ಕಲ್ಲು, ಅಂಬಿಕೆಗೆ ಸ್ವರ್ಣಮುಖಿಯ ಕಲ್ಲು, ಸೂರ್ಯನಿಗೆ ಸ್ಫಟಿಕ. ಐದು ಕಡೆಯ ಐದು ಕಲ್ಲು ಅಂಗೈಯಗಲದ ತಾಮ್ರದ ಪೆಟ್ಟಿಗೆಯಲ್ಲಿ. ಒಂದಕ್ಕೂ ಉಳಿ ಮುಟ್ಟಿಸುವ ಹಾಗಿಲ್ಲ, ಸಿಕ್ಕ ಹಾಗೇ ಇರಬೇಕು. ಸಾಲಿಗ್ರಾಮದ ಒಳಗಿನ ಚಕ್ರ ಕೋಟಿಗಟ್ಟಲೆ ವರ್ಷ ಹಿಂದೆ ಸಮುದ್ರದಲ್ಲಿದ್ದ ಅಮೋನೈಟ್ ಅನ್ನುವ ಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವಾಗ ಆ ಸಮುದ್ರದ ತಳವೂ ಮೇಲೆ ಬಂತು. ನಾವು ಅದಕ್ಕೆ ದಿನಾ ತುಳಸಿ ಹಾಕುತ್ತಿದ್ದೇವೆ.

ಕೊನೆಗೌಡ · ಅಕ್ಟೋಬರ್ 17

ದೇವರನ್ನು ತಂದು ಪ್ರದರ್ಶನಕ್ಕೆ ಇಡಬೇಡಿ ಅಷ್ಟೇ. ಬಂದವರೆಲ್ಲ ಮುಟ್ಟುತ್ತಾರೆ, ಆಮೇಲೆ ಊರಿನಲ್ಲಿ ಮಾತು. ಮನೆಯಲ್ಲೂ ಮಾತು.

ಹಳೇ ಸಂಪುಟ · ಅಕ್ಟೋಬರ್ 17

ಇಡಿ ಅಂತ ನಾನು ಎಲ್ಲಿ ಹೇಳಿದೆ? ನಮ್ಮಮ್ಮ ನನ್ನನ್ನು ಮನೆ ಬಿಟ್ಟು ಓಡಿಸುತ್ತಾಳೆ.

ಇಂಬಳ · ಅಕ್ಟೋಬರ್ 19

ಆಗುಂಬೆ ಕಡೆ ಫೋಟೊ ತೆಗೆಯುತ್ತಿರುತ್ತೇನೆ. ಮಳೆಗಾಲದ ರಾತ್ರಿ ಬೆಳಗುವ ಅಣಬೆ ಇಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಕಿತ್ತು ತಂದರೆ ಬೆಳಕೂ ಇಲ್ಲ, ಅಣಬೆಯೂ ಇಲ್ಲ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುವ ಜಾಗದ್ದನ್ನು ಜನವರಿಯ ಜಗಲಿಯಲ್ಲಿ ಹೇಗೆ ತೋರಿಸುತ್ತೀರಿ?

ಅದರ ಬದಲು ಅಣಬೆಯ ಅಚ್ಚು ತೆಗೆಯಿರಿ. ತೋಟದಲ್ಲಿ ಸಿಕ್ಕ ಅಣಬೆಯ ಕೊಡೆ ಮಾತ್ರ ಕತ್ತರಿಸಿ, ಅಡಿಭಾಗ ಕೆಳಗೆ ಮಾಡಿ ಕಾಗದದ ಮೇಲಿಟ್ಟು, ಬಟ್ಟಲು ಕವುಚಿ ರಾತ್ರಿ ಬಿಡಿ. ಬೆಳಿಗ್ಗೆ ತೆಗೆದರೆ ಬೀಜಕದ ಪುಡಿ ಉದುರಿ ಚಕ್ರದ ಹಾಗೆ ಗೆರೆ ಮೂಡಿರುತ್ತದೆ. ಬಿಳಿ ಪುಡಿ ಇದ್ದೀತು, ಅರ್ಧ ಕಾಗದ ಕಪ್ಪು ಇರಲಿ. ಹುತ್ತದ ಮೇಲೆ ಏಳುವ ಅಣಬೆಯದ್ದು ತಿಳಿ ಗುಲಾಬಿ ಬರುತ್ತದೆ. ಮೇಲೆ ಹೇರ್ ಸ್ಪ್ರೇ ಹೊಡೆದರೆ ನಿಲ್ಲುತ್ತದೆ. ಸೀನಬೇಡಿ. ನಾನು ಒಂದು ಸಲ ಸೀನಿದ್ದೇನೆ.

ಹಿನ್ನೀರು · ಅಕ್ಟೋಬರ್ 22

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಮ್ಮದು ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಬಿಟ್ಟವರು. ಅಪ್ಪನ ಹತ್ತಿರ ಒಂದು ಬೀಗದಕೈ ಇದೆ. ಗೇಣುದ್ದ, ಕಬ್ಬಿಣ, ತಿರುಗಿಸುವ ಕಡೆ ಸವೆದು ಹೊಳಪು ಬಂದಿದೆ. ಬಾಗಿಲು, ಹಂಚು, ಜಂತಿ ಎಲ್ಲ ಕಿತ್ತು ಗಾಡಿಯಲ್ಲಿ ತಂದರಂತೆ. ಬಾಗಿಲೂ ತಂದ ಮೇಲೆ ಬೀಗದಕೈ ಯಾಕೆ ಬೇರೆ ಇಟ್ಟುಕೊಂಡರು ಅಂದರೆ, ಅದು ಮನೆ ಬಾಗಿಲಿನದ್ದಲ್ಲ, ಗೋಡೆಯೊಳಗೇ ಕಟ್ಟಿದ್ದ ಪೆಟ್ಟಿಗೆಯದ್ದು. ಗೋಡೆ ತರಲು ಆಗಲಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರದ ಹಳೇ ಅಣೆಕಟ್ಟು ಕಾಣುತ್ತದೆ, ಸತ್ತ ಮರಗಳ ಬೊಡ್ಡೆ ಕಾಣುತ್ತವೆ. ಅಪ್ಪ ಪ್ರತಿ ವರ್ಷ ನೋಡಿ ಬರುತ್ತಿದ್ದರು. ಏನೂ ತರುತ್ತಿರಲಿಲ್ಲ.

ಬೀಗದಕೈ ಕೊಡುತ್ತೇನೆ. ಇದು ಪ್ರಕೃತಿ ವಿಚಿತ್ರ ಅಲ್ಲ, ನಿಮ್ಮ ವಿಷಯಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಚೀಟಿ ಮಾತ್ರ ಬೇಕು.

ತುಂಗೆ ದಂಡೆ · ಅಕ್ಟೋಬರ್ 22

ಇದಕ್ಕೆ ಚೀಟಿ ಬೇಕು. ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ ಅಂತಲ್ಲ, ಆದರೆ ಇದಕ್ಕೆ ಬೇಕು.

ಪತ್ತಾಯದ ಬೀಗ · ಜನವರಿ 27

ಮೂರು ತಿಂಗಳು ಇತ್ತ ತಲೆ ಹಾಕಲಿಲ್ಲ, ಬೈದುಕೊಳ್ಳಬೇಡಿ. ಪ್ರದರ್ಶನ ಮೊನ್ನೆ ಭಾನುವಾರ ಮುಗಿಯಿತು. ಮೂರು ದಿನ, ಸಂಜೆ ನಾಲ್ಕರಿಂದ ಎಂಟು. ಕೊನೆಗೌಡರ ಮಾತು ಕೇಳಿದ್ದು ಒಳ್ಳೆಯದಾಯಿತು. ಕೊನೆ ದಿನ ಕಾಲಿಡಲು ಜಾಗ ಇರಲಿಲ್ಲ.

ಮೊದಲು ತಪ್ಪಿದ್ದು ಹೇಳುತ್ತೇನೆ. ಎರಡನೇ ದಿನ ಎರಡು ಗಂಟೆ ಕರೆಂಟ್ ಇಲ್ಲ. ಲಾಟೀನು ಹಚ್ಚಿದೆವು, ಎಲ್ಲರೂ "ಇದೇ ಚೆನ್ನಾಗಿದೆ" ಅಂದರು. ಆದರೆ ಫೋಟೊದವರಿಬ್ಬರ ಮುಖ ನೋಡಬೇಕಿತ್ತು, ಅವರ ಕೆಲಸ ಯಾರಿಗೂ ಕಾಣಲೇ ಇಲ್ಲ. ನನ್ನ ಒಂದು ಪೆಟ್ಟಿಗೆಗೆ ಬಿಗಿ ಗಾಜು ಹಾಕಿಬಿಟ್ಟಿದ್ದೆ, ಗಾಜಿನ ಬೀರು ಅವರು ಹೇಳಿದ್ದು ಮರೆತು. ಮೂರನೇ ದಿನ ಒಳಗೆ ಮಂಜು. ಹಿಂದೊಮ್ಮೆ ದೊಡ್ಡ ಊರಿನ ಪ್ರದರ್ಶನಕ್ಕೆ ಮಳೆಗಾಲದಲ್ಲಿ ಕಳಿಸಿದ ಮೂರು ಚಿತ್ರ ಬೂಷ್ಟು ಹಿಡಿದು ವಾಪಸ್ ಬಂದಿದ್ದವು. "ಮಲೆನಾಡಿನಿಂದ ಬರುವಾಗಲೇ ಹಾಗಿತ್ತು" ಅಂತ ಅವರು ಕೈ ತೊಳೆದುಕೊಂಡಿದ್ದರು. ಈ ಸಲ ಬೈಯಲು ನಾನೇ ಸಿಕ್ಕಿದೆ.

ಪುಕ್ಕ ಇಡಲಿಲ್ಲ. ಅರಣ್ಯ ಇಲಾಖೆಯ ಪರಿಚಯದವರಿಗೆ ಒಪ್ಪಿಸಿದೆ. ಅದು ಮಂಗಟ್ಟೆ ಹಕ್ಕಿಯದ್ದಂತೆ. ಅದರ ಜಾಗದಲ್ಲಿ ಅಳತೆ ತಪ್ಪದೆ ಬರೆದ ಚಿತ್ರ, ಅಜ್ಜನ ಚೀಟಿ ಅದರ ಕೆಳಗೆ. ಗೀಜಗನ ಗೂಡನ್ನು ಮಣ್ಣಿನ ಕೆಲಸದ ಹುಡುಗ ಎಳೆ ಎಳೆಯಾಗಿ ಮಣ್ಣು ಹೊಸೆದು ಮಾಡಿದ. ಎರಡು ಒಡೆದವು, ಮೂರನೆಯದು ನಿಂತಿತು. ಕಸೂತಿಯವರು ರೇಷ್ಮೆಯಲ್ಲಿ ಎರಡು ಬಣ್ಣದ ಎಳೆ ಕೂಡಿಸಿ ಜೀರ್ಜಿಂಬೆ ಹಸಿರು ಬರಿಸಿದರು. ಬೆಂಕಿಪೊಟ್ಟಣದಷ್ಟೇ ಬಟ್ಟೆ. ಓರೆ ಮಾಡಿದರೆ ತಾಮ್ರ ಕಾಣುತ್ತದೆ ಶಿಕಾರಿಪುರದ ಅಣ್ಣ, ನೀವು ಬರಬೇಕಿತ್ತು.

ಎಲ್ಲಕ್ಕಿಂತ ಜಾಸ್ತಿ ಜನ ನಿಂತಿದ್ದು ಎರಡು ಕಡೆ. ಒಂದು, ಹಸೆ ಚಿತ್ತಾರದ ಅಕ್ಕನ ಬುಟ್ಟಿ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಚಿತ್ತಾರ ಬರೆಯುತ್ತಾರಲ್ಲ, ಅದು. ಆ ದಿನ ನೂರೊಂದು ಕುಡಿ ಬೇಯಿಸಿ ಗದ್ದೆಗೆ ಬೀರುವ ಪದ್ಧತಿ. ನೂರೊಂದು ಅಂತ ಎಲ್ಲರೂ ಹೇಳುತ್ತಾರೆ, ಎಣಿಸಿದವರನ್ನು ನಾನು ನೋಡಿಲ್ಲ. ಅಕ್ಕ ಎಣಿಸಿದರು. ತಮ್ಮ ಅತ್ತೆಯನ್ನು ಕರೆದುಕೊಂಡು ಬೇಲಿ ಸುತ್ತಿ ಒಂದೊಂದೇ ಕುಡಿ ಕಿತ್ತು ಕಾಗದದ ನಡುವೆ ಒತ್ತಿ ಒಣಗಿಸಿ, ಹೆಸರು ಬರೆದರು. 58 ಆಯಿತು. "ಉಳಿದ 43 ನಮ್ಮತ್ತೆಯ ಅತ್ತೆಗೆ ಗೊತ್ತಿತ್ತಂತೆ" ಅಂತ ಚೀಟಿಯಲ್ಲಿ ಬರೆದು, 43 ಖಾಲಿ ಹಾಳೆಗಳನ್ನೂ ಗೋಡೆಗೆ ಅಂಟಿಸಿದ್ದರು. ಅಡಿಕೆ ಸುಲಿಯಲು ಹೊರಟಿದ್ದ ಹೆಂಗಸರು ಆ ಖಾಲಿ ಹಾಳೆಗಳ ಮುಂದೆ ನಿಂತು ಒಂದೊಂದೇ ಹೆಸರು ಹೇಳತೊಡಗಿದರು. ಮೂರು ದಿನದಲ್ಲಿ 17 ತುಂಬಿದವು. ಎರಡು ಹೆಸರಿಗೆ ಜಗಳವೂ ಆಯಿತು, ಒಂದೇ ಗಿಡ ಅಂತ ಒಬ್ಬರು, ಅಲ್ಲ ಅಂತ ಇನ್ನೊಬ್ಬರು.

ಇನ್ನೊಂದು, ಬೀಗದಕೈ. ಬಡಗಿ ಅದಕ್ಕೆ ಪೆಟ್ಟಿಗೆ ಮಾಡಲಿಲ್ಲ. ಒಂದು ಹಲಗೆಯಲ್ಲಿ ಬೀಗದ ತೂತು ಮಾತ್ರ ಕೊರೆದು, ಎದುರಿಗೆ ಬೀಗದಕೈ ನೇತುಹಾಕಿದರು. ಸಂಪುಟದ ವಿಷಯವನ್ನೂ ಅವರೇ ಬಗೆಹರಿಸಿದ್ದು: ಹಲಸಿನ ಮರದಲ್ಲಿ ಐದು ಕುಳಿ ತೋಡಿ, ಕುಳಿಯ ಪಕ್ಕ ಕಲ್ಲು ಬರುವ ಜಾಗದ ಹೆಸರು. ಕಲ್ಲು ಇಲ್ಲ. ಒಬ್ಬ ಭಟ್ಟರು ಬಂದು ಕುಳಿಗಳನ್ನು ನೋಡಿ, ಗಣಪತಿಯ ದಿಕ್ಕು ತಪ್ಪಿದೆ ಅಂತ ತೋರಿಸಿಕೊಟ್ಟು ಹೋದರು. ತಿದ್ದಿದ್ದೇವೆ.

ತುಂಗೆ ದಂಡೆ · ಜನವರಿ 27

ನಾನು ಶನಿವಾರ ಬಂದಿದ್ದೆ, ಹೇಳಲಿಲ್ಲ. ಖಾಲಿ ಹಾಳೆ ನೋಡಿ ಹೊಟ್ಟೆಕಿಚ್ಚಾಯಿತು. ಅಣಬೆ ಅಚ್ಚಿನ ಪಕ್ಕದ ಚೀಟಿ ಮಾತ್ರ ತೀರಾ ಉದ್ದ ಇತ್ತು. ಹೇರ್ ಸ್ಪ್ರೇ ಬ್ರ್ಯಾಂಡ್ ಎಲ್ಲ ಯಾರಿಗೆ ಬೇಕು?

ಹಿನ್ನೀರು · ಜನವರಿ 28

ಅಪ್ಪನನ್ನು ಕರೆದುಕೊಂಡು ಬಂದಿದ್ದೆ. ಆ ಹಲಗೆಯ ತೂತಿಗೆ ಕಣ್ಣಿಟ್ಟು ನೋಡಿದರು. ಆಮೇಲೆ ಬಡಗಿಯ ಹತ್ತಿರ, "ತೂತು ಒಂದು ಬೆರಳು ಕೆಳಗೆ ಬರಬೇಕಿತ್ತು" ಅಂದರು. ದಾರಿಯುದ್ದಕ್ಕೂ ಗೋಡೆಯ ಪೆಟ್ಟಿಗೆಯೊಳಗೆ ಏನೇನಿತ್ತು ಅಂತ ಹೇಳುತ್ತಾ ಬಂದರು. ನಾನು ಮೊದಲ ಸಲ ಕೇಳಿದ್ದು.

ಶಿಕಾರಿಪುರದವ · ಜನವರಿ 28

ಮಕ್ಕಳಿಗೆ ಏನಾದರೂ ಇತ್ತಾ ಮೇಡಂ?

ಪತ್ತಾಯದ ಬೀಗ · ಜನವರಿ 28

ನಿಮ್ಮ ಬೆಂಕಿಪೊಟ್ಟಣವೇ! ಖಾಲಿ ಪೊಟ್ಟಣ ಒಂದು ರಾಶಿ ಇಟ್ಟು, ಸಿಕ್ಕಿದ್ದು ಹಾಕಿ ಚೀಟಿ ಬರೆದಿಡಿ ಅಂದಿದ್ದೆವು. ಜೀವ ಇರುವುದು ಬೇಡ ಅಂತ ಕರಿಕೋಟು ಸರ್ ಹೆದರಿಸಿದ್ದನ್ನೂ ಬೋರ್ಡಿಗೆ ಹಾಕಿದ್ದೆವು. ಗೇರುಬೀಜ, ಬಳೆಚೂರು, ಮುರಿದ ಬಳಪ, ತಂಗಿಯ ಹಾಲುಹಲ್ಲು ಎಲ್ಲ ಬಂತು. ಒಂದರಲ್ಲಿ ಏನೂ ಇರಲಿಲ್ಲ. ಚೀಟಿಯಲ್ಲಿ, "ಜೀರುಂಡೆ ಇತ್ತು. ಬೋರ್ಡು ಓದಿ ಬಿಟ್ಟೆ. 5ನೇ ತರಗತಿ."

ಕೊನೆಗೌಡ · ಜನವರಿ 28

ಅಜ್ಜನ ಡಬ್ಬಿ ಮತ್ತೆ ಅಟ್ಟಕ್ಕೆ ಹಾಕುವ ಮುಂಚೆ ಮುಚ್ಚಳಕ್ಕೆ ಚೂರು ಕೊಬ್ಬರಿಎಣ್ಣೆ ಸವರಿ ಮೇಡಂ. ತುಕ್ಕು ಹಿಡಿದರೆ ಮುಂದಿನವರಿಗೆ ತೆಗೆಯಲು ಬರುವುದಿಲ್ಲ.